ಮುಂದಿನ ಸೀಟಿಗೊಂದು ಶಿಫಾರಸು

ನನ್ನ ತಂಗಿ ಬೆಟ್ಟದ ಮೇಲಿಂದ ಫೋನ್ ಮಾಡಿದಾಗ ನಾನು ಅವಳ ಮಾತನ್ನು ಕೊನೆಯವರೆಗೂ ಕೇಳಲಿಲ್ಲ. ಆಗ ನನ್ನ ಬೆರಳಿಗೆಲ್ಲ ಫೋಮು ಅಂಟಿಸುವ ಸಲ್ಯೂಷನ್ ಮೆತ್ತಿಕೊಂಡಿತ್ತು. ಮೊಬೈಲನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಒಂದು ಆಟೋ ಸೀಟಿನ ಮೇಲೆ ರೆಕ್ಸಿನ್ ಎಳೆದು ಹಿಡಿದುಕೊಂಡು, ಅಂಟು ಒಣಗುವ ಮೊದಲು ಮೂಲೆ ಕೂರಿಸಬೇಕೆಂಬ ಅವಸರದಲ್ಲಿದ್ದೆ. ಕೈ ಬಿಡುವಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಕೇಳುವುದಕ್ಕೆ ಕೈ ಯಾಕೆ ಬೇಕು, ನೀವೇ ಹೇಳಿ.

"ಅಣ್ಣಾ, ನಾನು ವಾಪಸ್ ಬಂದ್ಬಿಡ್ಲಾ?" ಎಂದಳು ಭವ್ಯ.

"ಯಾಕೆ, ಏನಾಯ್ತು?" ಎಂದು ಕೇಳಿದೆ ಅಂತ ಇಲ್ಲಿ ಬರೆಯುವ ಆಸೆ ನನಗೆ ತುಂಬಾ ಇದೆ. ನಾನು ಹೇಳಿದ್ದು ಬೇರೆ. "ಸಾರ್ ನಿನ್ನೆನೇ ಹೇಳಿದ್ರು ಕಣೇ, ನಿಮ್ಮ ಹುಡುಗಿ ಹಟ ಮಾಡ್ತಿದಾಳೆ ಅಂತ. ಅಷ್ಟು ಓದಿರೋರು ಜೊತೇಲಿದಾರೆ, ಹೇಳಿದಂಗೆ ಕೇಳ್ಕೊಂಡು ಇರೋಕಾಗಲ್ವಾ ನಿಂಗೆ?"

"ಸರಿ ಬಿಡು" ಎಂದಳು. ಸೀಟಿನ ಮೂಲೆ ಆ ದಿನ ಒಂದು ಸುಕ್ಕೂ ಇಲ್ಲದೆ ಕೂತಿತು. ಅದೂ ನನಗೆ ಚೆನ್ನಾಗಿ ನೆನಪಿದೆ, ಯಾಕೆ ನೆನಪಿರಬೇಕೋ ಗೊತ್ತಿಲ್ಲ.

ನನ್ನ ಅಂಗಡಿ ಇರುವುದು ನಾಯಂಡಹಳ್ಳಿಯಲ್ಲಿ, ಗೋದಾಮುಗಳ ಸಾಲಿನ ಕೊನೆಗೆ. ಮಧ್ಯಾಹ್ನ ದಾಟಿದ ಮೇಲೆ ಮೆಟ್ರೋ ಕಂಬದ ನೆರಳು ಬಂದು ಬಾಗಿಲಲ್ಲಿ ಕೂರುತ್ತದೆ. ಆಟೋ, ಟೆಂಪೊ, ಹಳೆಯ ಜೀಪುಗಳ ಸೀಟು ಬಿಚ್ಚಿ, ಸವೆದು ಪುಡಿಯಾದ ಫೋಮು ತೆಗೆದು ಹೊಸದು ತುಂಬಿ, ಮೇಲೆ ರೆಕ್ಸಿನ್ ಹೊಲಿದು ಕೊಡುವುದು ನನ್ನ ಕಸುಬು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟ ವರ್ಷವೇ ಅಪ್ಪ ತೀರಿಕೊಂಡದ್ದರಿಂದ ನನ್ನ ಓದು ಅಲ್ಲಿಗೇ ನಿಂತಿತು. ಮನೆಯ ಪಾಲಿನ ಓದನ್ನೆಲ್ಲ ನನ್ನ ತಂಗಿಯೊಬ್ಬಳೇ ಓದಿದಳು, ಇನ್ನೂ ಓದುತ್ತಿದ್ದಾಳೆ. ಅವಳದು ಮಣ್ಣಿನ ಓದು. ಎಲ್ಲೆಲ್ಲಿಯೋ ಬೆಟ್ಟ ಹತ್ತಿ, ಗುಂಡಿ ತೋಡಿ, ಮೊಳ ಆಳದ ಮಣ್ಣು ಬೇರೆ, ಆಳೆತ್ತರ ಆಳದ ಮಣ್ಣು ಬೇರೆ ಎಂದು ಪೊಟ್ಟಣ ಕಟ್ಟಿ ತರುತ್ತಾಳೆ. ಹಿಂದೆ ನಮ್ಮ ತಾತ ಇದೇ ನಾಯಂಡಹಳ್ಳಿಯ ಹೊಳೆಯ ದಂಡೆಯಲ್ಲಿ ಸೊಪ್ಪು ಬೆಳೆಯುತ್ತಿದ್ದರು. ಆ ನೆಲವೆಲ್ಲ ತುಂಡು ತುಂಡಾಗಿ ಮಾರಿಹೋಗಿ ಈಗ ಅದರ ಮೇಲೆ ತಗಡಿನ ಶೆಡ್ಡುಗಳು ನಿಂತಿವೆ. ಭವ್ಯ ಮೊದಲ ಸಲ ಮಣ್ಣಿನ ಚೀಲ ಹೊತ್ತು ಬಾಪೂಜಿ ನಗರದ ನಮ್ಮ ಮನೆಯ ಮೆಟ್ಟಿಲು ಹತ್ತಿದಾಗ ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು, "ನಿಮ್ಮ ತಾತ ಮಾರಿದ್ದನ್ನ ನೀನು ಚೀಲ ಚೀಲ ವಾಪಸ್ ತರ್ತಿದೀಯಲ್ಲೇ" ಎಂದಿದ್ದಳು. ಒಂದು ಸಲ ಹಾಗೆ ತಂದ ಪೊಟ್ಟಣವನ್ನು ಒಡೆದು ಅಮ್ಮ ಕರಿಬೇವಿನ ಕುಂಡಕ್ಕೆ ಹಾಕಿಬಿಟ್ಟಳು. ಭವ್ಯ ತಲೆ ಚಚ್ಚಿಕೊಂಡು ಅತ್ತಳು. ಆ ಕರಿಬೇವು ಮಾತ್ರ ಆ ವರ್ಷ ಹಿಂದೆಂದೂ ಚಿಗುರದಂತೆ ಚಿಗುರಿತು.

ಹೀಗೆ ಊರೂರು ತಿರುಗುವ ಓದು ಹುಡುಗಿಗೆ ಯಾಕೆ ಎಂದು ನೆಂಟರು ಕೇಳಿದಾಗ ನಾನು ಎದೆಯುಬ್ಬಿಸಿ ಉತ್ತರ ಹೇಳುತ್ತಿದ್ದೆ. ಅವಳನ್ನು ತಡೆದ ಅಣ್ಣ ನಾನಲ್ಲ, ಇದು ನಿಮಗೆ ಗೊತ್ತಿರಲಿ. ತಡೆದಿದ್ದರೆ ನನ್ನ ತಪ್ಪು ಇಷ್ಟು ಗೋಜಲಾಗುತ್ತಿರಲಿಲ್ಲ. ಹೋಗಬೇಡ ಎಂದವನ ತಪ್ಪು ಎಲ್ಲರಿಗೂ ಕಾಣುತ್ತದೆ. ಹೋಗಿ ಬಾ ಎಂದು ಕೈಬೀಸಿದವನ ತಪ್ಪನ್ನು ಎಲ್ಲಿ ಹುಡುಕುವುದು?

ನಮ್ಮಲ್ಲಿ ಒಂದು ವಾಡಿಕೆಯಿದೆ, ನಿಮ್ಮ ಮನೆಯಲ್ಲೂ ಇದ್ದೀತು. ಹೆಣ್ಣುಮಗಳು ದೂರ ಹೊರಟರೆ ಅವಳನ್ನು ಯಾರಿಗಾದರೂ ಒಪ್ಪಿಸಿ ಕಳಿಸುವುದು. ಬಸ್ಸಿನ ಕಿಟಕಿಯಿಂದ ತಲೆ ತೂರಿಸಿ ಪಕ್ಕದ ಸೀಟಿನ ಹಿರಿಯರಿಗೆ "ಸ್ವಲ್ಪ ನೋಡ್ಕೊಳಿ" ಎನ್ನುತ್ತೇವೆ, ಕಂಡಕ್ಟರಿಗೆ ಹೇಳುತ್ತೇವೆ, ಹಾಸ್ಟೆಲಿನ ವಾರ್ಡನ್ನಿಗೆ ಹೇಳುತ್ತೇವೆ. ಹೇಳಿದ ಮೇಲೆ ಎದೆಯ ಭಾರ ಇಳಿದು ಮನೆಗೆ ಬಂದು ನೆಮ್ಮದಿಯಾಗಿ ಊಟ ಮಾಡುತ್ತೇವೆ. ಯಾರಿಗೆ ಒಪ್ಪಿಸಬೇಕೆಂದು ಹೋಗುವವಳನ್ನು ಕೇಳಿದ್ದು ನಾನಂತೂ ಕಂಡಿಲ್ಲ. ಒಪ್ಪಿಸುವಾಗ ನಾವು ಜವಾಬ್ದಾರಿಯನ್ನು ಮಾತ್ರ ಕೊಡುತ್ತಿದ್ದೇವೆ ಎಂದುಕೊಂಡಿರುತ್ತೇವೆ. ಅದರ ಜೊತೆಗೆ ನಮಗಿರುವ ಅಧಿಕಾರದಲ್ಲೂ ಒಂದು ಪಾಲು ಕೊಟ್ಟಿರುತ್ತೇವೆ, ಬಯ್ಯುವ ಅಧಿಕಾರ, ತಡೆಯುವ ಅಧಿಕಾರ, ಇಲ್ಲಿ ಬಾ ಇಲ್ಲಿ ಕೂತುಕೋ ಎನ್ನುವ ಅಧಿಕಾರ. ಅದು ನನಗಾದರೂ ಎಲ್ಲಿಂದ ಬಂತು, ಹಾಗೆ ಹಂಚಿಕೊಡುವುದಕ್ಕೆ? ಯೋಚಿಸಿದಷ್ಟೂ ಇದು ನನಗೆ ಬಗೆಹರಿಯುವುದಿಲ್ಲ.

ಆ ವರ್ಷ ಭವ್ಯಳ ತಂಡ ಚಾಮರಾಜನಗರದ ಆಚೆಯ ಬೆಟ್ಟಗಳಿಗೆ ಮಣ್ಣು ತರಲು ಹೊರಟಿತ್ತು. ಹೊರಡುವ ಮೊದಲು ತಂಡದ ಜೀಪಿನ ಸೀಟು ರಿಪೇರಿಗೆಂದು ನನ್ನ ಅಂಗಡಿಗೇ ಬಂತು, ಭವ್ಯಳೇ ಹೇಳಿ ಕರೆತಂದಿದ್ದಳು. ಜೀಪು ಓಡಿಸಿಕೊಂಡು ಬಂದವರು ತಂಡದ ಮುಖ್ಯಸ್ಥರು. ಅವರ ಹೆಸರು ಇಲ್ಲಿ ಬೇಡ. ನಾನು ಅವರನ್ನು ಕರೆಯುತ್ತಿದ್ದದ್ದು ಸಾರ್ ಎಂದು, ಇಲ್ಲೂ ಸಾರ್ ಎಂದೇ ಇರಲಿ. ನನ್ನ ಅಂಗಡಿಗೆ ಬರುವವರೆಲ್ಲ "ಏಯ್ ಮಂಜಾ, ನನ್ ಸೀಟ್ ಆಯ್ತೇನೋ?" ಎಂದು ರಸ್ತೆಯಿಂದಲೇ ಕೂಗುವವರು. ಸಾರ್ ಒಳಗೆ ಬಂದರು, ಕಾಲು ಅಲ್ಲಾಡುವ ನನ್ನ ಸ್ಟೂಲಿನ ಮೇಲೆ ಕೂತರು, ಕಾಗದದ ಲೋಟದಲ್ಲಿ ಟೀ ಕುಡಿದರು, "ಮಂಜುನಾಥ್ ಅವ್ರೇ, ನಿಮ್ಮ ಕೈಕೆಲಸ ಬಹಳ ನೀಟು" ಎಂದರು. ನನ್ನ ಪೂರ್ತಿ ಹೆಸರನ್ನು ಅದರ ಬಾಲಕ್ಕೆ ಒಂದು 'ಅವ್ರೇ' ಸೇರಿಸಿ ಹೇಳಿದವರನ್ನು ಅಲ್ಲಿಯವರೆಗೆ ನಾನು ಬ್ಯಾಂಕಿನಲ್ಲೂ ಕಂಡಿರಲಿಲ್ಲ. ಆ ಮರ್ಯಾದೆ ಅವರ ಸ್ವಭಾವವೋ, ಲೆಕ್ಕಾಚಾರವೋ, ಇವತ್ತಿಗೂ ನನಗೆ ತಿಳಿಯದು. ಅದು ನನ್ನ ತಲೆಗೆ ಏರಿತು ಎಂಬುದು ಮಾತ್ರ ತಿಳಿದಿದೆ.

ನಮ್ಮಂಥವರ ಮನೆಗಳಲ್ಲಿ ಗಾಡಿಯ ಮುಂದಿನ ಸೀಟು ಸಿಗುವುದು ಇಬ್ಬರಿಗೆ. ಒಂದು, ಮನೆಯ ಹಿರಿಯರಿಗೆ. ಇನ್ನೊಂದು, ವಾಂತಿ ಮಾಡುವವರಿಗೆ. ಭವ್ಯ ಚಿಕ್ಕವಳಿದ್ದಾಗ ಮದುವೆಗೆಂದು ವ್ಯಾನಿನಲ್ಲಿ ಹೋದಾಗಲೆಲ್ಲ ತಿರುವು ಬಂದ ಕೂಡಲೇ ಮುಖ ಬಿಳಿಚಿಕೊಂಡು, ಎಲ್ಲರ ರೇಷ್ಮೆ ಸೀರೆಗೂ ಅಪಾಯ ತಂದು, ಕೊನೆಗೆ ಡ್ರೈವರಿನ ಪಕ್ಕಕ್ಕೆ ಬಡ್ತಿ ಪಡೆಯುತ್ತಿದ್ದಳು. ಅದನ್ನೇ ನೆನೆಸಿಕೊಂಡು ನಾನು ಸಾರ್‌ಗೆ ಹೇಳಿದೆ. "ಸಾರ್, ನಮ್ ಹುಡುಗೀಗೆ ಬೆಟ್ಟದ ದಾರೀಲಿ ವಾಂತಿ ಆಗುತ್ತೆ. ಮುಂದೇನೇ ಕೂರಿಸ್ಕೊಳಿ. ಸ್ವಲ್ಪ ಹಟಮಾರಿ. ಮಾತು ಕೇಳ್ಲಿಲ್ಲ ಅಂದ್ರೆ ಎರಡು ಬಯ್ದುಬಿಡಿ, ನಿಮ್ ತಂಗಿ ಅಂದ್ಕೊಳಿ."

"ಅಯ್ಯೋ, ಅದನ್ನ ನೀವು ಹೇಳ್ಬೇಕಾ ಮಂಜುನಾಥ್ ಅವ್ರೇ? ನಮ್ಮನೆ ಹುಡುಗಿ ಇದ್ದಂಗೆ" ಎಂದರು ಸಾರ್.

ಭವ್ಯ ಅಲ್ಲೇ ನಿಂತಿದ್ದಳು. "ಅಣ್ಣ, ನಂಗೀಗ ಹಿಂದೆ ಕೂತ್ರೂ ಏನೂ ಆಗಲ್ಲ. ಕಿಟಕಿ ಇದ್ರೆ ಸಾಕು" ಎಂದಳು.

"ನೀನು ಸುಮ್ನಿರು" ಎಂದೆ ನಾನು. ಆಮೇಲೆ ಜೀಪಿನ ಮುಂದಿನ ಸೀಟಿಗೆ ಮಿಕ್ಕವಕ್ಕಿಂತ ದಪ್ಪದ ಫೋಮು ಹಾಕಿ, ಹೊಲಿಗೆ ಎರಡೆರಡು ಸಲ ಓಡಿಸಿ, ನನ್ನ ತಂಗಿ ಕೂರುವ ಜಾಗ ಎಂದು ಪ್ರೀತಿಯಿಂದ ಮೆತ್ತಗೆ ಮಾಡಿದೆ.

ಹೊರಡುವ ದಿನ ನಮಗಿದ್ದ ಭಯವೆಲ್ಲ ಹಾವಿನದು, ಆನೆಯದು, ಜಾರುವ ಬಂಡೆಯದು. ಅಮ್ಮ ನಿಂಬೆಹಣ್ಣನ್ನೂ ಹರಳೆಣ್ಣೆಯನ್ನೂ ಕಟ್ಟಿಕೊಟ್ಟಳು. ನಾನು ಟಾರ್ಚು ತಂದುಕೊಟ್ಟೆ, ಜೀಪಿನ ಟೈರುಗಳನ್ನು ಒದ್ದು ನೋಡಿದೆ. ಮನುಷ್ಯರ ವಿಷಯಕ್ಕೆ ನಮ್ಮಲ್ಲಿ ಭಯವಿರಲಿಲ್ಲ, ಒಪ್ಪಿಸಿ ಆಗಿತ್ತಲ್ಲ.

ಆ ಬೆಟ್ಟದ ಹಳ್ಳಿಯಲ್ಲಿ ತಂಡದವರು ಒಂದು ಮನೆ ಬಾಡಿಗೆಗೆ ಹಿಡಿದಿದ್ದರು. ಅಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಸಾರ್ ಮೊಬೈಲಿಗೆ ಮಾತ್ರ. ಹಾಗಾಗಿ ಸಂಜೆ ಅಂಗಡಿಯ ಶಟರ್ ಎಳೆಯುವ ಮೊದಲು ನಾನು ಅವರಿಗೇ ಫೋನ್ ಮಾಡುತ್ತಿದ್ದೆ. ಅವರು ಮಣ್ಣಿನ ಕೆಲಸ ಎಲ್ಲಿಗೆ ಬಂತೆಂದು ನನಗೂ ಅರ್ಥವಾಗುವ ಹಾಗೆ ಬಿಡಿಸಿ ಹೇಳುತ್ತಿದ್ದರು, ನನ್ನ ವ್ಯಾಪಾರ ವಿಚಾರಿಸುತ್ತಿದ್ದರು. ಕೊನೆಗೆ "ಇಲ್ಲೇ ಇದಾಳೆ, ಕೊಡ್ತೀನಿ" ಎನ್ನುತ್ತಿದ್ದರು. ಭವ್ಯ "ಹೂಂ, ಚೆನ್ನಾಗಿದೀನಿ. ಹೂಂ, ಊಟ ಆಯ್ತು" ಎನ್ನುತ್ತಿದ್ದಳು. ಬರಬರುತ್ತಾ ಅವಳ ಮಾತು ಕಡಿಮೆಯಾಯಿತು, ಸಾರ್ ಮಾತು ಜಾಸ್ತಿಯಾಯಿತು. ನಿಮ್ಮ ತಂಗಿ ತಂಡದವರ ಜೊತೆ ಹೊಂದಿಕೊಳ್ಳುತ್ತಿಲ್ಲ, ಹೇಳಿದ ಜಾಗಕ್ಕೆ ಬರುವುದಿಲ್ಲ ಎನ್ನುತ್ತಾಳೆ, ಸಣ್ಣದಕ್ಕೂ ಹಟ, ನೀವೇ ಸ್ವಲ್ಪ ಬುದ್ಧಿ ಹೇಳಿ ಎಂದು ಅವರು ಬೇಸರದಿಂದ ಹೇಳಿದರೆ, ನಾನು ನಾಚಿಕೆಯಿಂದ ಕುಗ್ಗಿ "ಹೇಳ್ತೀನಿ ಸಾರ್" ಎನ್ನುತ್ತಿದ್ದೆ. ಅವಳು ಮಾತಾಡುವಾಗ ಪಕ್ಕದಲ್ಲಿ ನಿಂತಿರುವವರು ಯಾರು ಎಂದು ಕೇಳಬೇಕೆಂದು ನನಗೆ ಒಂದು ಸಂಜೆಯೂ ಹೊಳೆಯಲಿಲ್ಲ.

ವಾಪಸ್ ಬರಲೇ ಎಂದು ಅವಳು ಕೇಳಿದ ಆ ಫೋನು ಬಂದದ್ದು ಬೇರೆ ನಂಬರಿನಿಂದ. ತಂಡಕ್ಕೆ ಅಡುಗೆ ಮಾಡುತ್ತಿದ್ದ ಆ ಹಳ್ಳಿಯ ಮಾದಮ್ಮನ ಮೊಬೈಲು ಅದು. ಊರಾಚೆಯ ನೀರಿನ ಟ್ಯಾಂಕಿನ ಏಣಿ ಹತ್ತಿ ನಿಂತರೆ ಮಾತ್ರ ಅದಕ್ಕೆ ಸಿಗ್ನಲ್ ಬರುತ್ತಿತ್ತಂತೆ. ಉರಿಬಿಸಿಲಿನಲ್ಲಿ ಟ್ಯಾಂಕು ಹತ್ತಿ, ಇನ್ನೊಬ್ಬರ ಮೊಬೈಲಿನಿಂದ, ಕೆಲಸದ ಹೊತ್ತಿನಲ್ಲಿ ತಂಗಿಯೊಬ್ಬಳು ಯಾಕೆ ಫೋನ್ ಮಾಡುತ್ತಾಳೆ? ನನಗೆ ಯಾವ ಅನುಮಾನವೂ ಬರಲಿಲ್ಲ. ನನ್ನ ಕಿವಿಯಲ್ಲಿ ಸಾರ್ ಮಾತು ಆಗಲೇ ತುಂಬಿಕೊಂಡಿತ್ತು.

ಮಾರನೆಯ ಬೆಳಗ್ಗೆ ಸಾರ್ ಫೋನು ಬಂತು. "ನಿಮ್ಮ ತಂಗಿ ಹೇಳದೆ ಕೇಳದೆ ಹೊರಟುಹೋಗಿದಾಳೆ ಮಂಜುನಾಥ್ ಅವ್ರೇ. ಕಾಡು ಜಾಗ ಇದು. ನಾಳೆ ಏನಾದ್ರೂ ಆದ್ರೆ ನಾನು ಯಾರಿಗೆ ಉತ್ತರ ಹೇಳ್ಲಿ?"

"ತಪ್ಪಾಯ್ತು ಸಾರ್" ಎಂದೆ ನಾನು. "ಚಿಕ್ಕ ಹುಡುಗಿ, ಅವಳ ಪರವಾಗಿ ನಾನು ಕ್ಷಮೆ ಕೇಳ್ತೀನಿ."

ನೋಡಿ, ಆ ಮಾತು ಎಷ್ಟು ಸಲೀಸಾಗಿ ಬಾಯಿಂದ ಬಂತು.

ಜೀಪಿನ ಬೀಗದ ಕೈ ಸಾರ್ ಜೇಬಿನಲ್ಲಿರುತ್ತಿತ್ತು. ಆದ್ದರಿಂದ ಅವಳು ಬೆಳಕು ಹರಿಯುತ್ತಲೇ ಮಾದಮ್ಮನ ಜೊತೆ ಬಸ್ಸು ನಿಲ್ಲುವ ರಸ್ತೆಯವರೆಗೂ ಬೆಟ್ಟ ಇಳಿದು ನಡೆದಿದ್ದಳು. ಮೈಸೂರಿನ ಮೇಲೆ ಬಸ್ಸಿನಲ್ಲಿ ಬಂದು, ಕೆಂಗೇರಿಯಲ್ಲಿ ಇಳಿದು ಮೆಟ್ರೋ ಹಿಡಿದು ಮನೆ ಸೇರಿದಳು. ಬಾಗಿಲಲ್ಲಿ ನಿಂತಿದ್ದ ನಾನು "ಬಂದ್ಯಾ ಮಹಾರಾಣಿ? ನಮ್ಮ ಮಾನ ಎಲ್ಲಾ ಹರಾಜು ಹಾಕಿ ಬಂದ್ಯಾ?" ಎಂದೆ. ಅವಳು ನನ್ನನ್ನು ದಾಟಿಕೊಂಡು ಒಳಗೆ ಹೋಗಿ, ಸ್ನಾನ ಮಾಡಿ, ಅಮ್ಮನ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ನಮ್ಮ ಕೆಳಗಿನ ಮನೆಯಲ್ಲಿ ಸರೋಜ ಆಂಟಿ ಇದ್ದಾರೆ. ಗದಗದ ಕಡೆಯವರು, ಜೋಳದ ರೊಟ್ಟಿ ಬಡಿದು ಮೆಸ್ಸುಗಳಿಗೆ ಕೊಡುತ್ತಾರೆ. ಮಾರನೆಯ ದಿನ ಭವ್ಯ ಅವರ ಬಳಿ ಹೋಗಿ ಕೂತಳು. ಆಂಟಿ ಏನೂ ಹೆಚ್ಚು ಮಾತಾಡಲಿಲ್ಲವಂತೆ. "ಏನಾತವ್ವಾ?" ಎಂದರಂತೆ. ಅವಳು ಸ್ವಲ್ಪ ಹೇಳಿ ನಿಲ್ಲಿಸಿದರೆ, ರೊಟ್ಟಿ ಬಡಿಯುತ್ತಲೇ "ಮುಂದ?" ಎಂದರಂತೆ. ಮತ್ತೆ ನಿಲ್ಲಿಸಿದರೆ ಮತ್ತೆ "ಮುಂದ?" ಅಷ್ಟೇ. ಆ ದಿನ ಸಂಜೆ ನಾನು ಅಂಗಡಿಯಿಂದ ಬರುವಾಗ ಆಂಟಿ ಹಿಟ್ಟಿನ ಕೈಯಲ್ಲೇ ಮೆಟ್ಟಿಲಿಗೆ ಅಡ್ಡ ನಿಂತರು. "ಮಂಜಣ್ಣ, ನಿಮ್ಮ ತಂಗಿ ಏನ್ ಹೇಳ್ತಾಳ ಅಂತ ಒಮ್ಮಿಯರ ಕುಂತು ಕೇಳೀರೇನು?"

"ಅವಳೇನೂ ಹೇಳ್ಲಿಲ್ಲ ಆಂಟಿ" ಎಂದೆ.

"ಕೇಳಿದ್ರ ಹೇಳ್ತಾರ್ರೀ" ಎಂದರು ಅವರು, ದಾರಿ ಬಿಟ್ಟರು.

ಆಮೇಲೆ ಅಮ್ಮನ ಬಾಯಿಂದ ನನಗೂ ಗೊತ್ತಾಯಿತು. ಬೆಟ್ಟದ ತಿರುವುಗಳಲ್ಲಿ ಜೀಪಿನ ಗೇರಿನ ಮೇಲಿದ್ದ ಸಾರ್ ಕೈ ಜಾರಿ ಅವಳ ಮೊಣಕಾಲಿನ ಮೇಲೆ ಬರುತ್ತಿತ್ತು. ಅವಳು ಬಾಗಿಲ ಕಡೆಗೆ ಸರಿದರೆ "ವಾಂತಿ ಬರ್ತಿದ್ಯಾ?" ಎಂಬ ಕಾಳಜಿ. ಹಿಂದಿನ ಸೀಟಿಗೆ ಹೋಗುತ್ತೇನೆ ಎಂದು ಅವಳು ಎಲ್ಲರೆದುರು ಕೇಳಿದಾಗ ಸಾರ್ ನಗುತ್ತಾ, "ಆಗಲ್ಲಮ್ಮ, ನಿಮ್ಮಣ್ಣ ನಿನ್ನ ನನಗೆ ಒಪ್ಪಿಸಿದಾರೆ, ಸೀಟು ಬೇರೆ ನಿನಗೋಸ್ಕರಾನೇ ಮಾಡಿಸಿದಾರೆ" ಎಂದರಂತೆ. ತಂಡದವರೆಲ್ಲ ನಕ್ಕರಂತೆ, ಅವರಿಗೆ ಏನು ಗೊತ್ತು. ಒಂದು ದಿನ ಮಿಕ್ಕವರನ್ನೆಲ್ಲ ಒಂದು ಗುಡ್ಡಕ್ಕೆ ಕಳಿಸಿ, ಇನ್ನೊಂದು ಗುಡ್ಡಕ್ಕೆ ತಮ್ಮ ಜೊತೆ ಇವಳೊಬ್ಬಳನ್ನೇ ಕರೆದರು. ಇವಳು ಬರುವುದಿಲ್ಲ ಎಂದಳು. ನನಗೆ ವರದಿಯಾದ ಹಟ ಅದೇ.

ನಾನು ಹೊಲಿದ ಸೀಟಿನ ಮೇಲೆ, ನಾನು ಆಡಿದ ಮಾತಿನ ಆಸರೆಯಲ್ಲಿ ಇದೆಲ್ಲ ನಡೆಯಿತು. ಹಾಗಾದರೆ ಇದರಲ್ಲಿ ನನ್ನ ಪಾಲೆಷ್ಟು? ನಾನು ಕೆಟ್ಟದ್ದು ಬಯಸಲಿಲ್ಲ ಎಂದು ಮನಸ್ಸು ಹೇಳುತ್ತದೆ. ಮರುಕ್ಷಣವೇ, ನೀನು ಬಯಸಿದ್ದು ನಿನ್ನ ನೆಮ್ಮದಿಯನ್ನಲ್ಲವೇ ಎಂದೂ ಅದೇ ಮನಸ್ಸು ಕೇಳುತ್ತದೆ. ಎರಡಕ್ಕೂ ನಾನು ಹೌದು ಎನ್ನುತ್ತೇನೆ. ಇಂಥ ಹೌದುಗಳನ್ನು ಇಟ್ಟುಕೊಂಡು ಮನುಷ್ಯ ಏನು ಮಾಡಬೇಕು?

ಭವ್ಯ ತಾನು ಓದುವಲ್ಲಿ ದೂರು ಕೊಟ್ಟಳು. ಅದನ್ನು ವಿಚಾರಿಸಲು ಅಲ್ಲೊಂದು ಸಮಿತಿಯಿತ್ತು. ಆ ಹೊತ್ತಿಗೆ ಸಾರ್ ನನಗೆ ಕೊನೆಯ ಸಲ ಫೋನ್ ಮಾಡಿದರು. ಈಗಲೂ ಅದೇ ಮರ್ಯಾದೆಯ ದನಿ. "ನೀವು ಸುಳ್ಳೇನೂ ಹೇಳ್ಬೇಡಿ ಮಂಜುನಾಥ್ ಅವ್ರೇ. ಮುಂದೆ ಕೂರಿಸ್ಕೊಳಿ, ತಂಗಿ ಅಂದ್ಕೊಳಿ ಅಂತ ನೀವು ಹೇಳಿದ್ದು ನಿಜ ತಾನೇ? ಅಷ್ಟು ಹೇಳಿದ್ರೆ ಸಾಕು."

ನಿಜವೇ. ನಿಜ ಹೇಳಿದರೆ ತಂಗಿಯ ವಿರುದ್ಧ ಹೇಳಿದಂತೆ, ಸುಮ್ಮನಿದ್ದರೆ ಸುಳ್ಳು ಹೇಳಿದಂತೆ. ಸಮಿತಿಯವರು ಕರೆದ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಉಗುರಿನ ಸಂದಿಯ ಅಂಟನ್ನು ಥಿನ್ನರಿನಲ್ಲಿ ಉಜ್ಜಿ ತೆಗೆದು, ಏನು ಹೇಳಬೇಕೆಂದು ತಿಳಿಯದೆಯೇ ಹೋಗಿ ಕೂತೆ. "ಹೌದು ಮೇಡಂ, ನಾನೇ ಹೇಳಿದ್ದು" ಎಂದೆ. ಮೇಜಿನ ಆಚೆ ಇದ್ದ ಹೆಂಗಸು ತಲೆಯೆತ್ತಿ, "ನಿಮ್ಮ ತಂಗಿ ಮುಂದೆ ಕೂರ್ತೀನಿ ಅಂತ ಹೇಳಿದ್ರಾ?" ಎಂದು ಕೇಳಿದರು. ಆಗ ನನಗೆ ಅಂಗಡಿಯಲ್ಲಿ ಭವ್ಯ ಆಡಿದ ಮಾತು, ನಾನು ಕೊಟ್ಟ ಉತ್ತರ ಎರಡೂ ಒಟ್ಟಿಗೆ ನೆನಪಾದವು. "ಇಲ್ಲ ಮೇಡಂ. ಬೇಡ ಅಂದಿದ್ಲು. ನಾನೇ ಸುಮ್ನಿರು ಅಂದೆ" ಎಂದೆ. ಅಷ್ಟು ಹೇಳಿ ಎದ್ದು ಬಂದೆ. ಹೊರಗಿನ ಬೆಂಚಿನ ಮೇಲೆ ಭವ್ಯ ಕೂತಿದ್ದಳು. ಅವಳ ಮುಖ ನೋಡುವ ಧೈರ್ಯವಾಗದೆ ನಾನು ನೇರ ಮೆಟ್ಟಿಲಿಳಿದು ಹೋದೆ.

ನನ್ನ ಮಾತಿನಿಂದ ಅವಳಿಗೆ ಉಪಕಾರವಾಯಿತೋ ಅಪಕಾರವಾಯಿತೋ ಗೊತ್ತಿಲ್ಲ. ತಂಡದ ಇನ್ನಿಬ್ಬರು ಹುಡುಗಿಯರು ತಮಗಾದದ್ದನ್ನೂ ಹೇಳಿದರು, ಮಾದಮ್ಮ ತಾನು ಕಂಡದ್ದನ್ನು ಹೇಳಿದಳು. ಸಾರ್ ಇನ್ನು ಮುಂದೆ ಯಾರನ್ನೂ ಹೊರಗಿನ ಕೆಲಸಕ್ಕೆ ಕರೆದುಕೊಂಡು ಹೋಗುವ ಹಾಗಿಲ್ಲ ಎಂದಾಯಿತು. ಇಷ್ಟೇ ಸಾಕೇ ಎಂದು ನಾನು ಭವ್ಯಳನ್ನು ಕೇಳಲಿಲ್ಲ. ಕೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಎಂಬುದೇ ತಿಳಿಯದಾಗಿತ್ತು. ಇನ್ನೊಂದು ಮಾತು, ಇದನ್ನು ಹೇಳಲು ನಾಚಿಕೆಯಾಗುತ್ತದೆ. ಅಂಗಡಿಯಲ್ಲಿ ಯಾರಾದರೂ "ಏಯ್ ಮಂಜಾ" ಎಂದು ಕೂಗಿದಾಗ, ಆ 'ಅವ್ರೇ' ಎಂಬ ದನಿಗಾಗಿ ನನ್ನೊಳಗೆ ಏನೋ ಒಂದು ಇನ್ನೂ ಕಿವಿಯಾನಿಸುತ್ತಿತ್ತು. ಮನುಷ್ಯನ ಮೇಲೆ ಸಿಟ್ಟು ಬಂದ ಮೇಲೂ ಅವನು ಕೊಟ್ಟ ಮರ್ಯಾದೆಯ ರುಚಿ ಯಾಕೆ ಹೋಗುವುದಿಲ್ಲ?

ಮುಂದಿನ ಬೇಸಿಗೆಗೆ ಭವ್ಯ ಮತ್ತೆ ಹೊರಟಳು. ಅದೇ ಬೆಟ್ಟ, ಅರ್ಧಕ್ಕೆ ಬಿಟ್ಟ ಅದೇ ಗುಂಡಿಗಳು. ಈ ಸಲ ತಂಡವನ್ನು ನಡೆಸುವವರು ಒಬ್ಬ ಮೇಡಂ. ಹೊರಡುವ ಮೊದಲು ಡ್ರೈವರಿನಿಂದ ಹಿಡಿದು ಎಲ್ಲರೂ ಒಟ್ಟಿಗೆ ಕೂತು ಬಾಯಿಬಿಟ್ಟು ಮಾತಾಡಿಕೊಂಡರಂತೆ. ಭವ್ಯ ಅದನ್ನು ಅಡುಗೆಮನೆಯಲ್ಲಿ ಕೂತು ಅಮ್ಮನಿಗೆ ವಿವರಿಸುತ್ತಿದ್ದಳು, ನಾನು ಹಜಾರದಲ್ಲಿ ಪೇಪರ್ ಹಿಡಿದುಕೊಂಡು ಕೇಳುತ್ತಿದ್ದೆ. ಜೀಪಿಗೆ ಎರಡು ಬೀಗದ ಕೈ, ಎರಡೂ ಒಬ್ಬರ ಬಳಿ ಇರುವ ಹಾಗಿಲ್ಲ. ಮುಂದಿನ ಸೀಟು ದಿನಕ್ಕೊಬ್ಬರದು, ಬೇಡವೆಂದವರಿಗೆ ಬಲವಂತವಿಲ್ಲ. ಯಾವ ಗುಡ್ಡಕ್ಕೂ ಇಬ್ಬರೇ ಹೋಗುವ ಹಾಗಿಲ್ಲ, ಕಡಿಮೆಯೆಂದರೂ ಮೂವರಿರಬೇಕು. ಅಲ್ಲಿ ಸಿಗ್ನಲ್ ಸಿಗುವ ಸಿಮ್ಮು ಎಲ್ಲರಿಗೂ ಒಂದೊಂದು. ಯಾರಾದರೂ ವಾಪಸ್ ಹೋಗುತ್ತೇನೆ ಎಂದರೆ ಮೊದಲು ಬಸ್ಸು ಹತ್ತಿಸುವುದು, ಯಾಕೆ ಏನು ಎಂದು ಆಮೇಲೆ, ಅದೂ ಅವರಿಗೆ ಇಷ್ಟವಿದ್ದರೆ, ಕೇಳುವುದು. ಮುಖ್ಯಸ್ಥರ ಮೇಲೆಯೇ ದೂರಿದ್ದರೆ ಯಾರಿಗೆ ಹೇಳಬೇಕು ಎಂಬುದನ್ನು ಮುಖ್ಯಸ್ಥರೇ ಎಲ್ಲರೆದುರು ಹೇಳಬೇಕು.

"ಇಷ್ಟೆಲ್ಲಾ ಮಾತಾಡ್ಕೊಂಡು ಕೂತ್ರೆ ಮಣ್ಣು ಅಗಿಯೋದು ಯಾವಾಗ್ಲೇ?" ಎಂದಳು ಅಮ್ಮ, ಅವರೆಕಾಯಿ ಸುಲಿಯುತ್ತಾ.

"ಹೆದರ್ಕೊಂಡು ಕೂತ್ರೆ ಅದೂ ಆಗಲ್ವಲ್ಲಮ್ಮ" ಎಂದಳು ಭವ್ಯ.

ತಂಡದ ಒಬ್ಬೊಬ್ಬರಿಗೂ ಹೊರಗಿನವರೊಬ್ಬರು ಇರಬೇಕೆಂದೂ ಗೊತ್ತುಮಾಡಿಕೊಂಡಿದ್ದರು. ಸಂಜೆ ಅವರಿಗೆ ಫೋನ್ ಹೋಗಬೇಕು, ಹೋಗದಿದ್ದರೆ ಅವರು ವಿಚಾರಿಸಬೇಕು. ಭವ್ಯ ಸರೋಜ ಆಂಟಿಯ ಹೆಸರು ಕೊಟ್ಟಿದ್ದಳು. ಪೇಪರ್ ಮಡಿಸಿ ನಾನು ಅಡುಗೆಮನೆಯ ಬಾಗಿಲಿಗೆ ಬಂದೆ. "ಮನೇಲಿ ಅಣ್ಣ ಅಂತ ಒಬ್ಬ ಇದೀನಲ್ವೇನೇ?" ಎಂದೆ. ನಗುತ್ತಾ ಕೇಳಬೇಕೆಂದುಕೊಂಡಿದ್ದೆ, ಹಾಗೆ ಬರಲಿಲ್ಲ.

ಭವ್ಯ ಸಿಟ್ಟಿನಿಂದಲ್ಲ, ಯೋಚಿಸಿಯೇ ಹೇಳಿದಳು. "ನೀನಾದ್ರೆ ಮೊದ್ಲು ಮೇಡಂಗೆ ಫೋನ್ ಮಾಡ್ತೀಯ ಅಣ್ಣ. ಆಂಟಿ ಆದ್ರೆ ನಂಗೆ ಮಾಡ್ತಾರೆ."

ಅಮ್ಮ ಅವರೆಕಾಳಿನ ತಟ್ಟೆಯನ್ನೇ ನೋಡುತ್ತಿದ್ದಳು. ನಾನು ಮತ್ತೆ ಹಜಾರಕ್ಕೆ ಬಂದು ಕೂತೆ.

ದೊಡ್ಡವರು ಚಿಕ್ಕವರಲ್ಲಿ ಕ್ಷಮೆ ಕೇಳುವುದು ಹೇಗೆಂದು ನಮಗೆ ಯಾರೂ ಕಲಿಸಿಲ್ಲ. ಗುರುತಿಲ್ಲದವರಿಗೆ ನಮ್ಮ ಕಾಲು ತಾಕಿದರೆ ತಕ್ಷಣ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಮನೆಯ ಚಿಕ್ಕವರಿಗೆ ತಾಕಿದರೆ "ಸರಿದು ಕೂತ್ಕೋಬಾರ್ದಾ?" ಎಂದು ಗದರಿಸುತ್ತೇವೆ. ಅಪ್ಪ ನನ್ನನ್ನು ಸುಮ್ಮಸುಮ್ಮನೆ ಹೊಡೆದ ದಿನ ಸಂಜೆಗೆ ಖಾರಾಬೂಂದಿ ತರುತ್ತಿದ್ದರು. ನಾನು ಅದನ್ನು ತಿನ್ನುತ್ತಿದ್ದೆ, ಅಲ್ಲಿಗೆ ಅದು ಮುಗಿಯುತ್ತಿತ್ತು. ನಾನೂ ಆ ದಾರಿ ಹಿಡಿದು ನೋಡಿದೆ. ಅವಳ ಸ್ಕೂಟರಿಗೆ ಹೊಸ ಸೀಟು ಹೊಲಿದುಕೊಟ್ಟೆ. "ಚೆನ್ನಾಗಿದೆ" ಎಂದಳು, ಅಷ್ಟೇ. ಮನೆಗೆ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಂದೆ, ತಿಂದಳು. ಏನೂ ಮುಗಿಯಲಿಲ್ಲ. ತಪ್ಪಾಯ್ತು ಎಂಬ ಮಾತು ನನ್ನ ಬಾಯಿಗೆ ಹೊಸದೇನೂ ಅಲ್ಲ, ಅವಳು ಬೆಟ್ಟ ಇಳಿದ ದಿನವೇ ಅದನ್ನು ಸಾರ್‌ಗೆ ಎತ್ತಿಕೊಟ್ಟಿದ್ದೆ. ಅದು ಯಾರಿಗೆ ಸಲ್ಲಬೇಕಿತ್ತೋ ಅವಳು ಮನೆಯಲ್ಲೇ ಇದ್ದಳು. ಅವಳ ಮುಂದೆ ಮಾತ್ರ ಅದು ನಾಲಿಗೆಯಿಂದ ಈಚೆ ಬರುತ್ತಿರಲಿಲ್ಲ. ಯಾವ ತಪ್ಪಿಗೆಂದು ಕೇಳುವುದು ಎಂಬ ಗೊಂದಲ ಬೇರೆ. ಸೀಟಿಗೋ, ಫೋನಿಗೋ, ಬಾಗಿಲಲ್ಲಿ ಆಡಿದ ಕೊಂಕಿಗೋ? ಅಥವಾ ಅವಳನ್ನು ಹಟಮಾರಿ ಎಂದು ಅಪರಿಚಿತರಿಗೆ ಪರಿಚಯ ಮಾಡಿಕೊಟ್ಟದ್ದಕ್ಕೋ? ಹಟವಿಲ್ಲದಿದ್ದರೆ ಅವಳು ಆ ಬೆಟ್ಟ ಇಳಿದು ಬರುತ್ತಿದ್ದಳೇ?

ಹೊರಡುವ ದಿನ ಬೆಳಗ್ಗೆ ಅವಳನ್ನು ಸ್ಕೂಟರಿನಲ್ಲಿ ಕೆಂಗೇರಿಗೆ ಬಿಡಲು ಹೋದೆ. ತಂಡದ ಜೀಪು ಬಸ್ ನಿಲ್ದಾಣದ ಹತ್ತಿರ ಬಂದು ಹತ್ತಿಸಿಕೊಳ್ಳುವುದೆಂದು ಮಾತಾಗಿತ್ತು. ಮೈಸೂರು ರಸ್ತೆಯಲ್ಲಿ ಆಗಲೇ ಬಸ್ಸುಗಳ ಭರಾಟೆ, ಹೂವಿನವರ ಕೂಗು. ಅವಳು ಹೆಲ್ಮೆಟ್ ತೆಗೆದು ಕೊಟ್ಟು, ಬ್ಯಾಗು ಹೆಗಲಿಗೇರಿಸಿ ರಸ್ತೆ ನೋಡುತ್ತಾ ನಿಂತಳು. ನಾನು ಹೊರಡಲಿಲ್ಲ. ನೀರು ಇಟ್ಟುಕೊಂಡಿದ್ದಾಳೋ ಎಂದು ಕೇಳಿದೆ. ಚಾರ್ಜರ್ ಕೇಳಿದೆ. ಟಾರ್ಚು ಕೇಳಿದೆ. ಎಲ್ಲಕ್ಕೂ "ಇದೆ ಅಣ್ಣ" ಎಂದಳು. ಕೇಳಲು ಬೇರೆ ಸಾಮಾನು ಉಳಿಯಲಿಲ್ಲ. ದೂರದಲ್ಲಿ ಒಂದು ಜೀಪು ಕಂಡಿತು, ಅವಳು ಕೈಯೆತ್ತಿದಳು. ಅದು ಬರುವ ಮೊದಲು ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಎಂದು ನನಗೆ ಅನಿಸಿಬಿಟ್ಟಿತು. ಹೂವಿನವಳು ತಿರುಗಿ ನೋಡುವಷ್ಟು ಜೋರಾಗಿಯೇ ಹೇಳಿದೆ:

"ಭವ್ಯ, ತಪ್ಪಾಯ್ತು ಕಣೇ. ಮುಂದೆ ಕೂರಲ್ಲ ಅಂತ ನೀನು ಹೇಳಿದ್ದೆ, ನಾನು ನಿನ್ ಬಾಯಿ ಮುಚ್ಚಿಸಿದೆ. ಬರ್ಲಾ ಅಂತ ನೀನು ಕೇಳ್ದಾಗ ನಾನು ಬಯ್ದೆ. ಒಳ್ಳೇದಕ್ಕೇ ಮಾಡ್ದೆ ಅಂತ ಸಬೂಬು ಹೇಳಲ್ಲ. ನಾನು ಅವರನ್ನ ನಂಬಿದೆ, ನಿನ್ನ ನಂಬ್ಲಿಲ್ಲ. ತಪ್ಪು ನಂದು."